ಪೂರಿಗಾಲಿ ಕಟ್ಟೆಯ ಕೆಂಪು ನುಸಿ

ಮಳೆ ಬಂದು ನಿಂತ ಮೇಲೆ ಗ್ಯಾರೇಜಿನ ಮುಂದಿನ ಗುಂಡಿಯ ನೀರಿನಲ್ಲಿ ಎಣ್ಣೆ ಹರಡಿಕೊಂಡು ಬಣ್ಣ ಬಣ್ಣವಾಗಿ ಹೊಳೆಯುತ್ತದಲ್ಲ, ಅದನ್ನು ಕಂಡರೆ ಮಕ್ಕಳಿಗೆ ಬಲು ಖುಷಿ. ಹೋದ ತಿಂಗಳು ಮದ್ದೂರಿನಲ್ಲಿ ನನ್ನ ಮೊಮ್ಮಗಳು ಅಂಥದೊಂದು ಗುಂಡಿಯ ಮುಂದೆ ಬಗ್ಗಿ ನಿಂತುಬಿಟ್ಟಳು. ನಾನು "ಬಾರೆ, ಬಸ್ಸು ಹೋಗುತ್ತೆ" ಅಂತ ಅವಳ ಕೈ ಹಿಡಿದು ಎಳೆದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆ ವಾಸನೆಯ ಪಕ್ಕ ನನ್ನಿಂದ ನಿಲ್ಲಲಾಗಲಿಲ್ಲ, ಅಷ್ಟೆ. ನಿಂತ ನೀರು, ಅದರ ಮೇಲೆ ಎಣ್ಣೆ. ಮೂಗಿಗೆ ಇದು ಬಡಿದರೆ ಸಾಕು, ನಾನು ಎಲ್ಲಿದ್ದರೂ ಪೂರಿಗಾಲಿಯ ಕಟ್ಟೆಯ ಏರಿಯ ಮೇಲೆ ಹೋಗಿ ನಿಂತಿರುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಮಂಡ್ಯದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ವಿಭಾಗದಲ್ಲಿ ಒಂದು ವರ್ಷದ ಮಟ್ಟಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ಮದ್ದೂರಿನ ನಮ್ಮ ಮನೆಯಿಂದ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುವುದು. ಕಪ್ಪೆ ಕೊಯ್ದು ತೋರಿಸುವುದು, ಜಿರಳೆಯ ಬಾಯಿ ಬಿಡಿಸಿ ತೋರಿಸುವುದು ಇಷ್ಟೇ ಕೆಲಸ ಅಂದುಕೊಂಡಿದ್ದೆ. ಆದರೆ ವಿಭಾಗದಲ್ಲಿ ಕೇಶವಯ್ಯ ಮೇಷ್ಟ್ರಿದ್ದರು. ಐವತ್ತರ ಹತ್ತಿರದ ವಯಸ್ಸು, ಬಿಳಿ ಶರಟು, ಮಂಡಿಯವರೆಗೆ ಮಡಿಚಿದ ಪ್ಯಾಂಟು. ಪ್ಯಾಂಟು ಮಡಿಚಿದ್ದರೆ ಅವತ್ತು ಎಲ್ಲೋ ನೀರಿಗಿಳಿದು ಬಂದಿದ್ದಾರೆ ಅಂತ ಅರ್ಥ. ಹುಡುಗರು ಹಿಂದಿನಿಂದ 'ಕೆರೆ ಕೇಶವಯ್ಯ' ಅನ್ನುತ್ತಿದ್ದರು. ಅದು ಮೇಷ್ಟ್ರಿಗೂ ಗೊತ್ತಿತ್ತು. "ಬಾವಿ ಕೇಶವಯ್ಯ ಅನ್ನಲಿಲ್ಲವಲ್ಲ, ಕೆರೆ ದೊಡ್ಡದು" ಅಂದುಕೊಂಡು ನಗುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ನೀರುನುಸಿಗಳನ್ನು. ತೆಂಗಿಗೆ, ಬದನೆಗೆ ಹತ್ತುವ ನುಸಿ ರೈತರಿಗೆಲ್ಲ ಗೊತ್ತು. ಅದರ ದೂರದ ನೆಂಟರು ಸಿಹಿನೀರಿನಲ್ಲೂ ಇದ್ದಾರೆ. ರಾಗಿಕಾಳಿಗಿಂತ ಚಿಕ್ಕದಾದ ಮೈ, ಎಂಟು ಕಾಲು. ಕೆರೆಯ ಪಾಚಿಯೊಳಗೆ ಈಜಿಕೊಂಡು ಬದುಕುವ ಜೀವ. ಕೆಲವು ಹಸಿರು, ಕೆಲವು ನೀಲಿ, ನಮ್ಮವು ಮಾತ್ರ ಸುಟ್ಟ ಇಟ್ಟಿಗೆಯ ಕೆಂಪು. ಮೇಷ್ಟ್ರಿಗೆ ಜೊತೆಗೊಬ್ಬರು ಬೇಕಿತ್ತು, ನನಗೆ ಕಣ್ಣು ಚುರುಕಿತ್ತು. ಶನಿವಾರ ಮಧ್ಯಾಹ್ನ, ಭಾನುವಾರ ಪೂರ್ತಿ, ಅವರ ಹಿಂದೆ ನಾನೂ ಹೊರಟೆ.

ಮನೆಯಲ್ಲಿ ಅಜ್ಜಿಗೆ ಇದು ಎಳ್ಳಷ್ಟೂ ಹಿಡಿಸಲಿಲ್ಲ. ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಮಾತು ಕಲಿಸಿದವಳು ಅವಳೇ, ಅದಕ್ಕೇ ಅವಳ ಬಾಯಿಗೆ ನಾನು ಎದುರಾಡುತ್ತಿರಲಿಲ್ಲ. "ಬಿಯೆಸ್ಸಿ ಓದ್ಸಿದ್ದು ಕೆರೆ ನೀರು ಸೋಸಕ್ಕೇನೆ?" ಅಂದಳು. "ಅದ್ನ ನಾನು ಓದ್ದಲೇ ಮಾಡ್ಕಂಬತ್ತಿದ್ದೆ ಕಣೆ, ಮೂರೊತ್ತೂ."

ನಿಜವೇ. ನಮ್ಮ ಕೆಲಸಕ್ಕೂ ಅಜ್ಜಿಯ ಕೆಲಸಕ್ಕೂ ದೊಡ್ಡ ಫರಕಿರಲಿಲ್ಲ. ಮೇಷ್ಟ್ರ ಹಳೆಯ ಪಂಚೆ ಕತ್ತರಿಸಿ ಹೊಲಿದ ಬಲೆ, ಬಿಳಿ ಪಿಂಗಾಣಿ ತಟ್ಟೆ, ಔಷಧಿ ಹಾಕುವ ಡ್ರಾಪರು, ಬೆರಳುದ್ದದ ಗಾಜಿನ ಸೀಸೆಗಳು. ಪಾಚಿಯಲ್ಲಿ ಬಲೆ ಎಳೆದು ತಟ್ಟೆಗೆ ಕೊಡವಿ ಸುಮ್ಮನೆ ಕೂರಬೇಕು. ಕಲಕಿದ ಕೆಸರು ನಿಧಾನವಾಗಿ ತಳಕ್ಕಿಳಿಯುತ್ತದೆ. ಆಮೇಲೆ ಒಂದು ಕೆಂಪು ಚುಕ್ಕೆ ಏಳುತ್ತದೆ, ಇನ್ನೊಂದು ಏಳುತ್ತದೆ, ತಟ್ಟೆಯ ತುಂಬ ಓಡಾಟ. "ಮೊದಲು ಕೂರೋದನ್ನು ಕಲಿ ಜಯ, ಹಿಡಿಯೋದು ತಾನಾಗಿ ಬರುತ್ತೆ" ಅನ್ನುತ್ತಿದ್ದರು ಮೇಷ್ಟ್ರು.

ಮದ್ದೂರು ಕೆರೆಯಲ್ಲಿ, ಶಿಂಷೆಯ ಮಡುಗಳಲ್ಲಿ, ಮಂಡ್ಯದ ಸುತ್ತಿನ ನಾಲೆಗಳಲ್ಲಿ ಎಲ್ಲೆಲ್ಲೂ ಇದ್ದದ್ದು ಒಂದೇ ಜಾತಿಯ ಕೆಂಪು ನುಸಿ. ಅದರ ಗಂಡಿಗೆ ಹಿಂದೊಂದು ಮೊಂಡು ಬಾಲ, ಬಾಲದ ನಡುವೆ ಒಂದು ಪುಟ್ಟ ಗೂಟ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೂಟದ ತುದಿ ಕತ್ತರಿಸಿದ ಹಾಗೆ ನೇರ. ಆದರೆ ಮಳವಳ್ಳಿಯಿಂದಾಚೆ ಪೂರಿಗಾಲಿಯ ಹತ್ತಿರ ಒಂದು ಸಣ್ಣ ಕಟ್ಟೆಯಲ್ಲಿ ಮೇಷ್ಟ್ರಿಗೆ ಹಿಂದಿನ ವರ್ಷ ಬೇರೆಯದೊಂದು ಗಂಡು ಸಿಕ್ಕಿತ್ತು. ಅದೇ ಗಾತ್ರ, ಅದೇ ಕೆಂಪು, ಅದೇ ನಡಿಗೆ. ಗೂಟದ ತುದಿ ಮಾತ್ರ ಸೀಳಿ ಎರಡು ಕವಲಾಗಿತ್ತು. ಒಂದಲ್ಲ, ಹತ್ತಾರು ಸಿಕ್ಕವು. ಪುಸ್ತಕಗಳಲ್ಲಿ ಅಂಥದ್ದು ಇರಲಿಲ್ಲ. ಹೊರಗಿನ ಪಂಡಿತರಿಗೆ ಬರೆದು ಕೇಳಿದರೆ ಅವರೂ ಕಂಡಿರಲಿಲ್ಲ.

ತೊಡಕಿದ್ದದ್ದು ಹೆಣ್ಣಿನಲ್ಲಿ. ಹೆಣ್ಣು ನುಸಿಗೆ ಬಾಲವೂ ಇಲ್ಲ, ಗೂಟವೂ ಇಲ್ಲ. ಕೊಡದ ಹಾಗೆ ದುಂಡಗಿರುತ್ತದೆ. ಆ ಕಟ್ಟೆಯಲ್ಲಿ ನೇರ ಗೂಟದ ಗಂಡೂ ಇತ್ತು, ಕವಲು ಗೂಟದ ಗಂಡೂ ಇತ್ತು. ಹೆಣ್ಣುಗಳೋ ನೂರು ಹಿಡಿದರೆ ನೂರೂ ಒಂದೇ ಥರ. ಯಾವ ಹೆಣ್ಣು ಯಾರ ಕಡೆಯದು ಅಂತ ಹೇಳುವುದು ಹೇಗೆ? ಮೇಷ್ಟ್ರ ಪಿಎಚ್.ಡಿ.ಯ ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿದ್ದರು: "ಗಂಡೊಂದೇ ಇಟ್ಟುಕೊಂಡು ಹೊಸ ಜಾತಿ ಅಂದರೆ, ಅದು ಅದೇ ಜಾತಿಯ ಅಂಗವಿಕಲ ಅಂತ ಯಾರಾದರೂ ತಳ್ಳಿಹಾಕ್ತಾರೆ. ಎರಡನ್ನೂ ತನ್ನಿ."

ಗೊತ್ತುಮಾಡಲು ದಾರಿ ಒಂದೇ. ಈ ನುಸಿಗಳು ಕೂಡುವಾಗ ಗಂಡು ತನ್ನ ಬಾಲದ ಮೇಲೆ ಹೆಣ್ಣನ್ನು ಅಂಟಿನಿಂದ ಅಂಟಿಸಿಕೊಂಡು, ಹೊತ್ತುಕೊಂಡು ಓಡಾಡುತ್ತದೆ. ಕವಲು ಗೂಟದ ಗಂಡು ಹೊತ್ತ ಹೆಣ್ಣು ಸಿಕ್ಕರೆ, ಅದು ಅದರದೇ. ಆ ಜೋಡಿಯನ್ನು ಜೀವಂತ ಹಿಡಿದು, ಬೇರೆ ಯಾವುದರ ಜೊತೆಗೂ ಸೇರಿಸದೆ ಒಂದೇ ಸೀಸೆಯಲ್ಲಿ ಇಟ್ಟುಬಿಟ್ಟರೆ, ಆಮೇಲೆ ಆ ಹೆಣ್ಣನ್ನು ಮೈಯ ಇಂಚಿಂಚೂ ನೋಡಿ ಉಳಿದವುಗಳಿಂದ ಬೇರೆ ಮಾಡಬಹುದು. ಅಷ್ಟೇ. ಒಂದು ಜೋಡಿ. ಮೇಷ್ಟ್ರ ಹತ್ತು ವರ್ಷದ ದುಡಿಮೆ ಆ ಒಂದು ಜೋಡಿಗೆ ಬಂದು ನಿಂತಿತ್ತು. ಥೀಸಿಸ್ಸು ಕೊಡುವುದಕ್ಕೆ ಅವರಿಗೆ ಉಳಿದದ್ದು ಆ ಒಂದು ಮಳೆಗಾಲ.

ಮೇಷ್ಟ್ರು ಮಂಡ್ಯದಲ್ಲಿ ಬಸ್ಸು ಹತ್ತುತ್ತಿದ್ದರು, ನಾನು ಮದ್ದೂರಿನಲ್ಲಿ. ಮಳವಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರದ ದಿನ ಕಬ್ಬಿನ ಗಾಡಿ, ಇಲ್ಲವೆ ಕಾಲು. ಕಟ್ಟೆಯ ಏರಿಯ ಪಕ್ಕದಲ್ಲೇ ನಿಂಗಮ್ಮನ ಮನೆ. ಗಂಡ ತೀರಿಹೋಗಿದ್ದ, ಮಗ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸಕ್ಕೆ ಹೋಗುತ್ತಿದ್ದ, ಸೊಸೆ ಕೆಂಪಿ ಚೊಚ್ಚಲ ಬಸುರಿ. ನಿಂಗಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ ನಾವು ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆವು.

ಮೊದಲ ದಿನವೇ ಅವಳು ನನ್ನನ್ನು ವಿಚಾರಣೆಗೆ ತೆಗೆದುಕೊಂಡಳು. "ಏನವ್ವ, ಸ್ವಾಮ್ಯೋರ್ ಮಗ್ಳಾ ನೀನು?"

"ಅಲ್ಲಮ್ಮ."

"ಸೊಸೆಯಾ?"

"ಅಲ್ಲ. ಅವರ ಹತ್ರ ಕೆಲಸ ಮಾಡ್ತೀನಿ."

"ಏನ್ ಕೆಲ್ಸ?"

"ಈ ಕೆಂಪು ಹುಳ ಹಿಡಿಯೋದು."

ನಿಂಗಮ್ಮ ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಲೇ ಕೆಂಪಿ, ಬಾ ಇಲ್ಲಿ! ಸರ್ಕಾರ ಸಂಬ್ಳ ಕೊಟ್ಟು ಹುಳ ಹಿಡಿಸ್ತದಂತೆ ಕಣೆ! ನಿನ್ ಗಂಡ ಸುಮ್ನೆ ಒಲೆ ಮುಂದೆ ಬೇಯ್ತಾವ್ನೆ." ಕೆಂಪಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿ ನಕ್ಕಳು. ಮೇಷ್ಟ್ರೂ ನಕ್ಕರು. ಆ ನಗುವಿನಿಂದಾಚೆಗೆ ಆ ಮನೆ ನಮ್ಮದೂ ಆಯಿತು. ಮಧ್ಯಾಹ್ನ ನಮ್ಮ ಡಬ್ಬಿಯ ಮೊಸರನ್ನಕ್ಕೆ ನಿಂಗಮ್ಮ ಉಪ್ಪೆಸರು ಮುದ್ದೆ ಎದುರಿಡುತ್ತಿದ್ದಳು. ಮಡಿವಂತರ ಮನೆಯಲ್ಲಿ ಹುಟ್ಟಿದ್ದ ಮೇಷ್ಟ್ರು ಮೊದಲೆರಡು ವಾರ ಬೇಡವೆಂದರು. ಮೂರನೆಯ ವಾರ ಮುದ್ದೆ ಮುರಿದರು. ಅಗಿಯುತ್ತಿದ್ದಾರೆಂದು ನಿಂಗಮ್ಮ ಗದರಿದಳು: "ನುಂಗಿ ಸ್ವಾಮಿ, ನುಂಗಿ! ಅದೇನ್ ಕಬ್ಬಾ?"

ಜೂನ್, ಜುಲೈ ಹಾಗೇ ಕಳೆದವು. ಕಟ್ಟೆಯಲ್ಲಿ ನೀರು ಕಡಿಮೆಯಿತ್ತು, ನುಸಿಗಳೂ ಕಡಿಮೆಯಿದ್ದವು. ಗೌರಿ ಹಬ್ಬ ಕಳೆದ ಮೇಲೆ ನಮ್ಮ ಸೀಮೆಯ ನಿಜವಾದ ಮಳೆ ಹಿಡಿಯಿತು. ಸಂಜೆ ಗುಡುಗಿ ಸುರಿಯುವುದು, ಬೆಳಗ್ಗೆ ಚುರುಗುಡುವ ಬಿಸಿಲು. ಕಟ್ಟೆ ಏರಿಯ ಮಟ್ಟಕ್ಕೆ ಬಂತು. ತಟ್ಟೆಗೆ ಕೊಡವಿದರೆ ಕುಂಕುಮ ಚೆಲ್ಲಿದ ಹಾಗೆ ನುಸಿ. ಬಿಸಿಲಿಗೆ ನೀರು ಬೆಚ್ಚಗಾದ ಹೊತ್ತಿನಲ್ಲಿ ನೇರ ಗೂಟದವುಗಳ ಜೋಡಿ ಒಂದೊಂದಾಗಿ ಕಾಣತೊಡಗಿದವು. "ಶುರುವಾಯಿತು" ಅಂದರು ಮೇಷ್ಟ್ರು. ನಮಗೆ ಬೇಕಾದದ್ದೂ ಈ ಕಾಲದಲ್ಲೇ ಬರಬೇಕು.

ಮಹಾಲಯದ ಹಿಂದಿನ ಭಾನುವಾರ ಅದು ಬಂತು. ತಟ್ಟೆಯ ಮೂಲೆಯಲ್ಲಿ ಉಳಿದವುಗಳಿಗಿಂತ ದೊಡ್ಡದೊಂದು ಚುಕ್ಕೆ ತಡವರಿಸಿಕೊಂಡು ಹೋಗುತ್ತಿತ್ತು. ಮೇಷ್ಟ್ರು ಭೂತಗನ್ನಡಿ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಆಮೇಲೆ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನಾನು ನೋಡಿದೆ. ಕೆಳಗೆ ಗಂಡು, ಗೂಟದ ತುದಿ ಎರಡು ಕವಲು. ಅದರ ಮೇಲೆ ಓರೆಯಾಗಿ ಕೂತ ದುಂಡನೆಯ ಹೆಣ್ಣು, ಕಾಲುಗಳನ್ನು ಒಳಗೆ ಎಳೆದುಕೊಂಡು, ಗಾಡಿಯಲ್ಲಿ ತವರಿಗೆ ಹೊರಟವಳ ಹಾಗೆ ನಿಶ್ಚಿಂತೆಯಾಗಿ.

ಮೇಷ್ಟ್ರು ಡ್ರಾಪರು ತೆಗೆದುಕೊಂಡರು. ಅಷ್ಟು ವರ್ಷ ಲಕ್ಷ ನುಸಿಗಳನ್ನು ಎತ್ತಿದ ಕೈ ಅದು. ಅವತ್ತು ಅವಸರ ಮಾಡಿತು. ನೀರನ್ನು ಎಳೆದದ್ದು ಒಂದಿಷ್ಟು ಜೋರಾಯಿತು. ಡ್ರಾಪರಿನ ಬಾಯಿಗೆ ತಗುಲಿ ಜೋಡಿ ಬಿಚ್ಚಿಕೊಂಡಿತು. ಗಂಡು ಡ್ರಾಪರಿನೊಳಗೆ ಬಂತು, ಹೆಣ್ಣು ತಟ್ಟೆಗೆ ಜಾರಿತು. ಆ ಮೂಲೆಯಲ್ಲಿ ಆಗಲೇ ಇನ್ನೂ ಮೂರು ಹೆಣ್ಣುಗಳಿದ್ದವು. ಕಣ್ಣು ಮಿಟುಕಿಸುವುದರಲ್ಲಿ ನಾಲ್ಕೂ ಒಂದರ ಸುತ್ತ ಒಂದು ಸುತ್ತಿದವು. ನಾಲ್ಕರಲ್ಲಿ ಅವಳು ಯಾರು? ನಾವಿಬ್ಬರೂ ತಟ್ಟೆಯ ಮೇಲೆ ಬಗ್ಗಿಯೇ ಇದ್ದೆವು. ಕತ್ತು ಮಾತ್ರ ನೋಯಿತು.

"ಹೋದಳು" ಅಂದರು ಮೇಷ್ಟ್ರು. ಆಮೇಲೆ ನಗಲು ಶುರುಮಾಡಿದರು. ನಾಲ್ಕನ್ನೂ ಒಂದೇ ಸೀಸೆಯಲ್ಲಿ ಹಾಕಿಟ್ಟರು. "ಚಿಂತೆ ಬೇಡ ಜಯ. ಕಾಲ ಬಂದಿದೆ ಅಂತ ಗೊತ್ತಾಯ್ತಲ್ಲ. ಬರೋ ಭಾನುವಾರ ಡ್ರಾಪರು ಬೇಡ, ಚಮಚದಲ್ಲಿ ನೀರಿನ ಸಮೇತ ಎತ್ತೋಣ." ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಏನೋ ಗುನುಗಿಕೊಳ್ಳುತ್ತಿದ್ದರು. ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಭಾನುವಾರ ನಾವು ಹೋಗಿ ಇಳಿದಾಗ ಕಟ್ಟೆಯ ಏರಿಯ ಮೇಲೆ ಜನ ಸೇರಿದ್ದರು. ನಡುವೆ ಖಾಕಿ ಅಂಗಿಯ ಹುಡುಗನಂಥ ಮಲೇರಿಯಾ ಇನ್ಸ್‌ಪೆಕ್ಟರು, ಅವನ ಹಿಂದೆ ಬೆನ್ನಿಗೆ ಪಂಪು ಕಟ್ಟಿಕೊಂಡ ಇಬ್ಬರು ಆಳು, ನೆಲದ ಮೇಲೆ ಎಣ್ಣೆಯ ಡಬ್ಬ. ಊರಿನಲ್ಲಿ ಚಳಿಜ್ವರ ಬಿದ್ದಿತ್ತು. ದಿನ ಬಿಟ್ಟು ದಿನ ಬರುವ ನಡುಕ. ಬೆರಳು ಚುಚ್ಚಿ ರಕ್ತ ತೆಗೆದುಕೊಂಡು, ಮಾತ್ರೆ ಕೊಟ್ಟು ಹೋಗಿದ್ದವರು ಈಗ ಸೊಳ್ಳೆಯ ಮರಿ ಸಾಯಲೆಂದು ಕಟ್ಟೆಗೆ ಎಣ್ಣೆ ಹೊಡೆಯಲು ಬಂದಿದ್ದರು. ಊರ ಯಜಮಾನ ಚಿಕ್ಕಬೋರೇಗೌಡರು ಕೋಲು ಅಡ್ಡ ಹಿಡಿದು ನಿಂತಿದ್ದರು.

"ದನ ಕುಡಿಯೋ ನೀರ್ಗೆ ಎಣ್ಣೆ ಉಯ್ಯಕ್ಕೆ ಬಂದವ್ರಲ್ಲ, ನಿಮ್ಗೇನ್ ಗ್ಯಾನ ನೆಟ್ಗದಾ? ನಮ್ ಕಟ್ಟೆಲಿ ಜ್ವರದ್ ಸೊಳ್ಳೆ ಇಲ್ಲ ಕಣಯ್ಯ!"

"ಯಜಮಾನ್ರೆ, ನೀವು ಸೊಳ್ಳೆನ ಮಾತಾಡಿಸಿದ್ದೀರಾ?" ಅಂದ ಇನ್ಸ್‌ಪೆಕ್ಟರು. ಜನ ನಕ್ಕರು. ಯಜಮಾನರಿಗೆ ಇನ್ನೂ ರೇಗಿತು. ಅಷ್ಟರಲ್ಲಿ ಅವರ ಕಣ್ಣಿಗೆ ನಾವು ಬಿದ್ದೆವು. "ಅಗೋ, ಮೇಷ್ಟ್ರೇ ಬಂದ್ರು! ವರ್ಸಾನ್ಗಟ್ಲೆ ಈ ನೀರ್ನ ತಟ್ಟೆಲಿಟ್ಕಂಡು ನೋಡ್ತಾವ್ರೆ. ಅವ್ರು ಇಲ್ಲ ಅಂದ್ರೆ ಇಲ್ಲ, ಅದೆ ಅಂದ್ರೆ ಅದೆ. ಆಯ್ತಾ?"

ಇನ್ಸ್‌ಪೆಕ್ಟರಿಗೂ ಜಗಳ ಸಾಕಾಗಿತ್ತು. "ನೋಡಿ ಹೇಳಿ ಸರ್. ನೀವು ಇಲ್ಲ ಅಂದರೆ ನಾನು ವಾಪಸು ಹೋಗ್ತೀನಿ. ನನಗೆ ಇನ್ನೂ ಎಷ್ಟೋ ಊರಿದೆ."

ಮೇಷ್ಟ್ರು ಎಂದಿನ ಹಾಗೆ ಬಲೆ ಎಳೆದರು, ತಟ್ಟೆಗೆ ಕೊಡವಿದರು, ಕೂತರು. ಜನವೆಲ್ಲ ಸುತ್ತ ಬಗ್ಗಿತು. ಕೆಸರಿಳಿಯಿತು. ಕೆಂಪು ಚುಕ್ಕೆಗಳೆದ್ದವು. ಅವುಗಳ ಮೇಲೆ, ನೀರಿನ ಮಟ್ಟಕ್ಕೆ, ಬೂದುಬಣ್ಣದ ಎಳೆಗಳು ಮಲಗಿದ್ದವು. ಸೊಳ್ಳೆಯ ಮರಿ. ಸೊಳ್ಳೆಮರಿಗಳಲ್ಲೂ ಒಂದೇ ಥರ ಕಾಣುವ ಜಾತಿಗಳಿವೆ. ಸಾಮಾನ್ಯದ ಸೊಳ್ಳೆಯ ಮರಿ ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತದೆ. ಚಳಿಜ್ವರದ್ದು ನೇತಾಡದೆ ನೀರಿನ ಮೇಲ್ಮೈಗೆ ಮಟ್ಟಸವಾಗಿ ಮಲಗುತ್ತದೆ. ನನಗೂ ಅಷ್ಟು ತಿಳಿದಿತ್ತು. ತಟ್ಟೆಯಲ್ಲಿದ್ದವು ಎಲ್ಲವೂ ಮಲಗಿದ್ದವು.

ಮೇಷ್ಟ್ರು ತಲೆಯೆತ್ತಲಿಲ್ಲ. ಒಂದು ವಾರ ತಡೆಯಿರಿ ಅಂದಿದ್ದರೆ ಆ ಹುಡುಗ ತಡೆಯುತ್ತಿದ್ದ. ಸರಿಯಾಗಿ ಹೇಳಲಾರೆ ಅಂದಿದ್ದರೂ ಆಗುತ್ತಿತ್ತು. ಯಜಮಾನರು ಖುಷಿಯಾಗಿ ಎಳನೀರು ಕೆಡವಿಸುತ್ತಿದ್ದರು. ಅಷ್ಟರಲ್ಲಿ ನಿಂಗಮ್ಮನ ಮನೆಯ ಒಳಗಿಂದ ನರಳುವ ಸದ್ದು ಬಂತು. ಕೆಂಪಿಗೆ ಏಳು ತಿಂಗಳು ತುಂಬಿತ್ತು. ಮೇಲೆ ಮೂರು ಕಂಬಳಿ ಹೊದಿಸಿದ್ದರೂ ಅವಳ ಹಲ್ಲು ಕಟಕಟಿಸುವುದು ಏರಿಗೆ ಕೇಳುತ್ತಿತ್ತು.

"ಇದು ಜ್ವರದ ಸೊಳ್ಳೆಯದೇ" ಅಂದರು ಮೇಷ್ಟ್ರು. ಯಜಮಾನರನ್ನು ಪಕ್ಕಕ್ಕೆ ಕೂರಿಸಿಕೊಂಡು ಮಲಗಿದ ಮರಿಯನ್ನು ಬೆರಳಿಟ್ಟು ತೋರಿಸಿದರು. ತಟ್ಟೆಯನ್ನು ತಟ್ಟಿ, ಅವು ಮುಳುಗಿ ಮತ್ತೆ ಮೇಲೆ ಬಂದು ಮಲಗುವುದನ್ನು ತೋರಿಸಿದರು. ಕ್ಲಾಸಿನಲ್ಲಿ ಪಾಠ ಹೇಳುವ ದನಿ. "ಸ್ವಲ್ಪ ದಿನ ದನಗಳನ್ನು ನಾಲೆಗೆ ಹೊಡೀರಿ ಗೌಡ್ರೆ."

ಚಿಕ್ಕಬೋರೇಗೌಡರು ಕೋಲನ್ನು ಕೆಳಗಿಳಿಸಿದರು. "ನೀವೇ ಇಂಗಂದ್ಮೇಲೆ ಇನ್ನೇನ್ ಬುಡಿ" ಅಂದರು.

ಮೇಷ್ಟ್ರು ಇನ್ಸ್‌ಪೆಕ್ಟರ ಕಡೆ ತಿರುಗಿ, "ನನಗೊಂದು ಗಂಟೆ ಕೊಡಿ" ಅಂದರು. ಅವನು ಯಾಕೆ ಅಂತ ಕೇಳಲಿಲ್ಲ. ಬೇವಿನ ಮರದಡಿ ಹೋಗಿ ಬೀಡಿ ಹಚ್ಚಿದ. ನಾವಿಬ್ಬರೂ ಮಂಡಿಯುದ್ದ ನೀರಿಗಿಳಿದೆವು. ಎಳೆದದ್ದೇ ಎಳೆದದ್ದು, ಕೊಡವಿದ್ದೇ ಕೊಡವಿದ್ದು. ಕೆಸರಿಳಿಯುವವರೆಗೆ ಕಾಯುವುದಕ್ಕೂ ಆಗದೆ ನಾನು ತಟ್ಟೆಯನ್ನು ಅಲುಗಿಸುತ್ತಿದ್ದೆ. ಬೆಳಗಿನಿಂದಲೇ ಮೋಡ ಕವಿದಿತ್ತು, ನೀರು ತಣ್ಣಗಿತ್ತು. ಬಿಸಿಲಿಲ್ಲದೆ ಅವು ಕೂಡುವುದಿಲ್ಲ. ಕವಲು ಗೂಟದ ಗಂಡು ಸಿಕ್ಕವು, ದುಂಡು ಹೆಣ್ಣು ಸಿಕ್ಕವು, ಎಲ್ಲವೂ ಬಿಡಿಬಿಡಿ. ಜೋಡಿ ಒಂದೂ ಇಲ್ಲ. ಜೀವಂತ ಕೊಂಡುಹೋಗೋಣವೆಂದು ಒಂದು ಗಾಜಿನ ಭರಣಿಯ ತುಂಬ ನೀರು, ಪಾಚಿ, ನುಸಿ ತುಂಬಿಕೊಂಡೆವು. ಅದು ಮಂಡ್ಯ ಮುಟ್ಟಿ ಎರಡು ದಿನಕ್ಕೇ ಕೊಳೆತುಹೋಯಿತು.

ಪಂಪು ಹೊಡೆಯತೊಡಗಿದರು. ಎಣ್ಣೆ ನೀರಿನ ಮೇಲೆ ಬಿದ್ದದ್ದೇ ತಡ, ತನ್ನಷ್ಟಕ್ಕೆ ಅಗಲವಾಗುತ್ತ ಹೋಯಿತು. ಹಸಿರು, ನೇರಳೆ, ಹೊಂಬಣ್ಣ. ನೋಡಲು ಎಷ್ಟು ಚೆಂದವಿತ್ತು ಅಂತ ಹೇಳಿಕೊಳ್ಳಲು ಈಗಲೂ ಸಂಕಟವಾಗುತ್ತದೆ. ಅದು ಆಚೆಯ ದಡ ಮುಟ್ಟುವವರೆಗೆ ಮೇಷ್ಟ್ರು ಮಡಿಚಿದ ಪ್ಯಾಂಟಿನಲ್ಲಿ ನಿಂತೇ ಇದ್ದರು. ನಿಂಗಮ್ಮ ಬಂದು ಪಕ್ಕದಲ್ಲಿ ನಿಂತಳು. ಅವಳ ಬಾಯಲ್ಲಿ ಅವತ್ತು ತಮಾಷೆಯಿರಲಿಲ್ಲ.

"ನಿಮ್ ಕೆಂಪುಳ ಸತ್ತೋಯ್ತವಾ ಸ್ವಾಮಿ?"

ಮೇಷ್ಟ್ರು ಅವಳನ್ನು ನೋಡಿದರು. ಅವರ ಬಾಯಿಂದ ಅಂಥ ಹಳ್ಳಿಯ ಮಾತು ನಾನು ಮೊದಲು ಕೇಳಿರಲಿಲ್ಲ. "ಬತ್ತವೆ ಬುಡವ್ವ" ಅಂದರು. "ಒಳಕ್ಕೋಗು. ಕೆಂಪಿಗೆ ಮಾತ್ರೆ ಕೊಡು."

ಎಣ್ಣೆಯವರು ವಾರ ವಾರವೂ ಬಂದರು, ಮಳೆಗಾಲ ಮುಗಿಯುವವರೆಗೆ. ಕೆಂಪಿಯ ಜ್ವರ ಬಿಟ್ಟಿತು. ಹೆಣ್ಣುಮಗು ಹುಟ್ಟಿತು, ತಾಯಿಯೂ ಮಗುವೂ ಉಳಿದರು. ನಾವು ನೋಡಲು ಹೋದಾಗ ನಿಂಗಮ್ಮ ಮಗುವನ್ನು ಮೇಷ್ಟ್ರ ತೊಡೆಯ ಮೇಲೆ ಇಟ್ಟಳು. ಅದು ಅವರ ಬಿಳಿ ಅಂಗಿಯನ್ನು ಒದ್ದೆ ಮಾಡಿತು. ಅವರು ಅಲುಗಾಡದೆ ಕೂತಿದ್ದರು. ವಾಪಸು ಬರುವಾಗ ಬಲೆಯನ್ನು ಒಮ್ಮೆ ಕಟ್ಟೆಗೆ ಹಾಕಿದರು. ಏನೂ ಏಳಲಿಲ್ಲ.

ಮುಂದಿನ ಮಳೆಗೆ ಕಟ್ಟೆ ಮತ್ತೆ ತುಂಬಿತು. ಮೊದಲು ಬಂದದ್ದು ಸೊಳ್ಳೆಗಳು. ಅವಕ್ಕೆ ರೆಕ್ಕೆ ಇದೆ, ಸುತ್ತಮುತ್ತ ನೂರು ನೀರಿದೆ. ಆ ನುಸಿಯ ಮರಿಗಳು ಬೆಳೆಯುತ್ತಿದ್ದದ್ದೇ ಸೊಳ್ಳೆಯ, ಏರೋಪ್ಲೇನ್ ಚಿಟ್ಟೆಯ ಮೈಗೆ ಕಚ್ಚಿಕೊಂಡು, ರಸ ಹೀರಿ. ಮನೆ ಮರಳಿ ಬಂತು, ಮನೆಯವರು ಬರಲಿಲ್ಲ. ನೇರ ಗೂಟದವು ಮದ್ದೂರಿನ ಕಡೆಯಿಂದಲೋ ಏನೋ ನಿಧಾನವಾಗಿ ಬಂದು ಸೇರಿಕೊಂಡವು. ಕವಲು ಗೂಟದವಕ್ಕೆ ಬರುವುದಕ್ಕೆ ಬೇರೆಲ್ಲೂ ಊರೇ ಇರಲಿಲ್ಲ. ಹಲಗೂರಿನ ಕಡೆಯ ಕೆರೆಗಳನ್ನು ನೋಡಿದೆವು, ಸೋಮನಹಳ್ಳಿಯ ಹಿಂದಿನ ಹಳ್ಳದಲ್ಲಿ ನೋಡಿದೆವು. ಬಲೆ ಹರಿದು ಇನ್ನೊಂದು ಪಂಚೆ ಕತ್ತರಿಸಿದರು. ಅಷ್ಟರಲ್ಲಿ ನನ್ನ ವರ್ಷ ಮುಗಿದಿತ್ತು. ಮದುವೆ ಗೊತ್ತಾಗಿ ನಾನು ದಾವಣಗೆರೆ ಕಡೆ ಹೊರಟುಹೋದೆ. ಹೊರಡುವ ದಿನ ಮೇಷ್ಟ್ರು, "ಸಿಕ್ಕರೆ ಕಾರ್ಡು ಹಾಕ್ತೀನಿ" ಅಂದರು. ಕಾರ್ಡು ಬರಲಿಲ್ಲ. ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಥೀಸಿಸ್ಸನ್ನು ಅವರು ಕೊಡಲೇ ಇಲ್ಲ. ನಿವೃತ್ತರಾಗುವ ಹೊತ್ತಿಗೆ ಆ ನುಸಿಯ ಮೇಲೆ ಸಣ್ಣದೊಂದು ಲೇಖನ ಮಾತ್ರ ಬರೆದು ಅಚ್ಚು ಮಾಡಿಸಿದರು. ತವರಿಗೆ ಬಂದಿದ್ದಾಗ ಮಂಡ್ಯದ ಅವರ ಮನೆಗೆ ಹೋದೆ. ಒಂದು ಪ್ರತಿಯನ್ನು ನನ್ನ ಕೈಗಿಟ್ಟರು. ಗಂಡಿನ ವಿವರ ಎರಡು ಪುಟ ತುಂಬಿತ್ತು. ಮೈಯ ಉದ್ದ, ಬಾಲದ ಅಗಲ, ಕವಲಿನ ಆಳ, ಅವರೇ ಮಸಿಯಲ್ಲಿ ಬರೆದ ಚಿತ್ರ. ಅದರ ಕೆಳಗೆ, ಇಂಥ ಬರಹಗಳಲ್ಲಿ ಹಾಕಲೇಬೇಕಾದ ಒಂದು ಸಾಲು: 'ಹೆಣ್ಣು: ತಿಳಿದಿಲ್ಲ.'

ನನಗೆ ತಡೆಯಲಾಗಲಿಲ್ಲ. "ಯಾಕೆ ಸರ್ ಹೀಗೆ ಬರೆದಿರಿ? ನಾವಿಬ್ಬರೂ ಅವಳನ್ನು ನೋಡಿದ್ವಲ್ಲ!"

"ನೋಡಿದ್ವಮ್ಮ" ಅಂದರು. ಎದ್ದು ಹೋಗಿ ಬೀರುವಿನಿಂದ ಒಂದು ಸಣ್ಣ ಸೀಸೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ನಾಲ್ಕು ಚುಕ್ಕೆ ಕೂತಿದ್ದವು. ಔಷಧಿಯಲ್ಲಿ ನೆನೆದು ಕೆಂಪೆಲ್ಲ ಹೋಗಿ ಬೆಳ್ಳಗಾಗಿದ್ದವು. "ಈ ನಾಲ್ವರಲ್ಲಿ ಒಬ್ಬಳು ಅವಳು. ಎಷ್ಟು ಸಲ ತೆಗೆದು ನೋಡಿದ್ದೀನೋ ಲೆಕ್ಕವಿಲ್ಲ. ಇವಳೇ ಅಂತ ಹೇಳೋಕ್ಕೆ ನನಗೆ ಇವತ್ತಿಗೂ ಆಗಿಲ್ಲ."

ಸೀಸೆಯನ್ನು ನನ್ನ ಕೈಗೆ ಕೊಟ್ಟರು. ನಾನೂ ಬೆಳಕಿಗೆ ಹಿಡಿದೆ, ತಿರುಗಿಸಿದೆ, ನೋಡಿದೆ. ನಾಲ್ಕೂ ಒಂದೇ ಥರ ಇದ್ದವು.